ಮುನ್ನೂರು ಜನ ಅಳಿಸಿದ ಪ್ರಶ್ನೆ

ರೇಷ್ಮೆ ಸೀಮೆಯ ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಗೂಡಿನಿಂದ ನೂಲು ತೆಗೆಯುವ ಘಟಕ ಅವನದು. ನೋಡಿ, ಗೂಡಿನ ಮಾರುಕಟ್ಟೆಯಲ್ಲಿ ಅವನನ್ನು ಏಮಾರಿಸಿದವರೇ ಇಲ್ಲ. ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವನು, ಒಂದನ್ನು ಕೊಯ್ದು ಹುಳ ನೋಡುವನು, ಎಷ್ಟು ದಿನದ ಗೂಡು, ಯಾವ ತೋಟದ ಸೊಪ್ಪು ಎಂದು ರೈತನನ್ನು ಹತ್ತು ಪ್ರಶ್ನೆ ಕೇಳುವನು. ಆಮೇಲೆಯೇ ಬೆಲೆ.

ಇಂಥವನಿಗೆ ಷೇರು ವ್ಯವಹಾರ ಕಲಿಯಬೇಕೆನಿಸಿತು. ತಪ್ಪೇನಿಲ್ಲ. ಬ್ಯಾಂಕಿನ ಗುಮಾಸ್ತರೊಬ್ಬರು ಹೂಡಿಕೆದಾರರಿಗೆಂದೇ ಇರುವ ಕನ್ನಡ ಪುಸ್ತಿಕೆಯೊಂದನ್ನು ಪುಕ್ಕಟೆ ಕೊಟ್ಟರು. ಕಂಪನಿಯ ವಾರ್ಷಿಕ ವರದಿ ಓದುವುದು ಕಲಿಯಿರಿ, ಅರ್ಥವಾಗದಿದ್ದರೆ ಬನ್ನಿ, ಕೂತು ನೋಡೋಣ ಎಂದರು. ಎರಡು ಪುಟ ತಿರುವಿದ, ಆಕಳಿಕೆ ಬಂತು. ಅಷ್ಟರಲ್ಲಿ ಫೋನಿನಲ್ಲಿ ಒಬ್ಬ ಗುರು ಸಿಕ್ಕ. ಹತ್ತು ದಿನದ ಉಚಿತ ಪಾಠ, ಮುನ್ನೂರು ಶಿಷ್ಯರ ಗುಂಪು, ಬೆಳಗಾದರೆ ಯಾರದೋ ಖಾತೆಯ ಲಾಭ ತೋರಿಸುವ ಚಿತ್ರ, ಅದರ ಕೆಳಗೆ ಸಾಲುಸಾಲು ಕೈಮುಗಿದ ಗುರುತು.

ಹತ್ತನೆಯ ದಿನ ಊಟದ ಹೊತ್ತಿಗೆ ಗುರುವಿನ ಅಪ್ಪಣೆ ಬಂತು. ಒಂದು ಕಂಪನಿಯ ಹೆಸರು ಕೊಟ್ಟು, ಮೂರು ಗಂಟೆಯೊಳಗೆ ತನ್ನ ಖಾತೆಗೆ ಹಣ ಹಾಕಬೇಕು, ತಡವಾದರೆ ಬಾಗಿಲು ಮುಚ್ಚಿತು ಎಂದ. ಶ್ರೀಮಂತನ ಹತ್ತಿರ ಹದಿನೆಂಟು ಲಕ್ಷವಿತ್ತು. ಯಾವ ಹಣ ಗೊತ್ತೇ? ಅವನ ಘಟಕದಲ್ಲಿ ಗೂಡು ಬೇಯುವ ಕುದಿನೀರಿಗೆ ಕೈಯಿಟ್ಟು ಬೆರಳು ಬೇಯಿಸಿಕೊಳ್ಳುವ ಹನ್ನೆರಡು ಹೆಂಗಸರಿಗಾಗಿ ಹೊಸ ಯಂತ್ರ ತರಲು ಕೂಡಿಟ್ಟ ಹಣ. ಯುಗಾದಿಗೆ ತರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದ.

ಅನ್ನ ಬಡಿಸುತ್ತಿದ್ದ ಹೆಂಡತಿ ಕೇಳಿದಳು, "ಅಲ್ರೀ, ಆ ಕಂಪ್ನಿಯೋರು ಏನ್ ಮಾಡ್ತಾರೆ?"

ಅವನಿಗೆ ಗೊತ್ತಿರಲಿಲ್ಲ. "ನಿಂಗೇನ್ ತಿಳೀತದೆ, ಸುಮ್ಕಿರು" ಎಂದು ಗದರಿದ.

ಗದರಿದನೇ ಹೊರತು ಪ್ರಶ್ನೆ ಒಳಗೆ ಮುಳ್ಳಾಗಿ ಕೂತಿತು. ಎರಡೂವರೆ. ಗುಂಪಿನಲ್ಲಿ ಬರೆದ, 'ಈ ಕಂಪನಿ ಏನು ಮಾಡುತ್ತದೆ?' ಮುನ್ನೂರು ಜನರೆದುರು ಇಷ್ಟೂ ಗೊತ್ತಿಲ್ಲದ ದಡ್ಡ ಎನಿಸಿಕೊಳ್ಳುವುದೇ? ಅಳಿಸಿದ. ಎರಡೂ ಮುಕ್ಕಾಲು. ಮತ್ತೆ ಬರೆದ, ಮತ್ತೆ ಅಳಿಸಿದ. ಹಾಕಿದೆ, ಹಾಕಿದೆ ಎಂದು ಒಬ್ಬೊಬ್ಬರೇ ಬರೆಯುತ್ತಿದ್ದರು. ಮೂರಕ್ಕೆ ಐದು ನಿಮಿಷ. ಹದಿನೆಂಟು ಲಕ್ಷವನ್ನೂ ಹಾಕಿಬಿಟ್ಟ.

ಮಾರನೆಯ ದಿನ ಧೈರ್ಯ ಮಾಡಿ ಅದೇ ಪ್ರಶ್ನೆ ಕಳಿಸಿದ. ಉತ್ತರ ಬರಲಿಲ್ಲ. ಗುಂಪಿನಿಂದ ಅವನನ್ನೇ ತೆಗೆದುಹಾಕಿದರು. ಸಂಜೆಯ ಹೊತ್ತಿಗೆ ಗುರುವೂ ಇಲ್ಲ, ಗುಂಪೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಅವನ ಪಕ್ಕದಲ್ಲಿ ಅದೇ ಗುಂಪಿನ ನಿವೃತ್ತ ಮೇಷ್ಟರೊಬ್ಬರು ಕೂತಿದ್ದರು. ತಲೆ ತಗ್ಗಿಸಿಯೇ ಹೇಳಿದರು, "ನಾನೂ ಕೇಳ್ಬೇಕು ಅಂತ ಬರ್ದಿದ್ದೆ ಸ್ವಾಮಿ. ಎಲ್ರಿಗೂ ಗೊತ್ತಿರ್ತದೆ, ನಂಗೊಬ್ಬನಿಗೇ ಗೊತ್ತಿಲ್ಲ ಅಂತ ಅಳಿಸ್ಬಿಟ್ಟೆ."

ಕೇಳಿದಿರಾ? ಒಬ್ಬರು ಕೇಳಿದ್ದರೆ ಸಾಕಿತ್ತು. ಒಬ್ಬರೇ ಒಬ್ಬರು! ಆ ಹನ್ನೆರಡು ಹೆಂಗಸರು ಇವತ್ತೂ ಕುದಿನೀರಿಗೇ ಕೈಯಿಡುತ್ತಿದ್ದಾರೆ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತೀರಲ್ಲ, ಆ ಬಾಯಿ ಫೋನಿನ ಮುಂದೆ ಯಾಕೆ ಕಟ್ಟುತ್ತದೆ? ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಕಲಿಸುವವನಿಗೆ ಮೊದಲು ಒಂದು ದಡ್ಡ ಪ್ರಶ್ನೆ ಹಾಕಿ. ಕೂತು ವಿವರಿಸಿದರೆ ಅವನ ಹತ್ತಿರ ಇನ್ನೊಂದು ದಿನ ಹೋಗಿ. ಅವಸರಪಡಿಸಿದರೆ, ಸಿಡುಕಿದರೆ, ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ. ಆಕಳಿಕೆ ಬಂದರೂ ಪುಸ್ತಕದ ಮೂರನೆಯ ಪುಟ ಓದಿ. ಮನೆಯಾಕೆ ಕೇಳಿದ್ದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಗದರಬೇಡಿ, ಜೇಬಿಗೆ ಕೈ ಹಾಕಬೇಡಿ.

ಇನ್ನೊಂದು ಮಾತು. ಮುಕ್ಕಾಲು ಗಂಟೆಯಿಂದ ಈ ವೇದಿಕೆಯ ಮೇಲೆ ನಾನು ಮಾತಾಡುತ್ತಲೇ ಇದ್ದೇನೆ, ನೀವು ತಲೆದೂಗುತ್ತಲೇ ಇದ್ದೀರಿ. ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ನಾನು ಹೇಳಿದ್ದೆಲ್ಲ ಸರಿಯೆಂದು ನಿಮಗೆ ಯಾರು ಹೇಳಿದರು? ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಯಾರು ಕೇಳುತ್ತೀರಿ, ಕೈಯೆತ್ತಿ. ನಾನು ಕಾಯುತ್ತೇನೆ.