ಒಂದು ಮೊಳದ ಹೊಳಪು

ಅರೆ, ಚಪ್ಪಲಿ ಯಾಕೆ ಬಿಡ್ತೀಯ ಮೇಸ್ತ್ರಿ? ಒಡೆಯೋಕೆ ಬಂದಿರೋ ನೆಲಕ್ಕೆ ಇಷ್ಟೊಂದು ಮರ್ಯಾದೆಯೇ! ಹಾಕ್ಕೊಂಡೇ ಬಾ... ಆಯ್ತು, ನಿನ್ನಿಷ್ಟ. ಹನ್ನೆರಡಕ್ಕೆ ಬಾ ಅಂದರೆ ಮೂರು ದಾಟಿಸಿ ಬಂದಿದ್ದೀಯ. ನಾಲ್ಕಕ್ಕೆ ನನ್ನ ಹೆಂಡತಿ ಆಸ್ಪತ್ರೆಯಿಂದ ಬರ್ತಾಳೆ. ಅವಳ ತಮ್ಮ ಕಾರಲ್ಲಿ ಕರ್ಕೊಂಡು ಬರ್ತಾನೆ. ಅಷ್ಟರೊಳಗೆ ಈ ನೆಲ ಇರಬಾರದು. ಏನು, ಇಡೀ ಕೋಣೆ ಆಗಲ್ವಾ? ಹಾಗಾದರೆ ಆ ಮೂಲೆ. ಹೊಲಿಗೆ ಮೆಷಿನ್ ಮುಂದಿನ ಜಾಗ ಒಂದಾದರೂ ಒಡೆದುಬಿಡು. ಹೊಸದನ್ನ ನಾಳೆ ಹಾಕು, ಮುಂದಿನ ತಿಂಗಳು ಹಾಕು, ನಾನು ಕೇಳಲ್ಲ.

ಏನು ಹಾಗೆ ನೋಡ್ತಾ ನಿಂತೆ? ಗೊತ್ತಪ್ಪ, ಚೆನ್ನಾಗಿದೆ. ಮನೆ ಕಟ್ಟಿದಾಗ ಹಾಕಿದ್ದು, ಎಪ್ಪತ್ತೆರಡು ವರ್ಷದ ಕೆಂಪು ಗಾರೆ. ಗೋಡೆಯಿಂದ ಗೋಡೆಗೆ ಒಂದೇ ಹಾಸು. ಎಲ್ಲೂ ಸಂದಿಲ್ಲ, ಬಿರುಕಿಲ್ಲ. ಇಂಥದ್ದು ಹಾಕೋ ಕೈ ಈಗ ಇಲ್ಲ ಅಂತೀಯ? ಅನ್ನು. ಮನೆಗೆ ಬಂದವರಿಗೆಲ್ಲ ನಾನೂ ಅದನ್ನೇ ಅಂದವನು. ಟೈಲ್ಸ್ ಹಾಕಿಸಿ ಅಂದವರ ಮೇಲೆ ಹಾರಿಬಿದ್ದವನು ನಾನೇ!

ಆದರೆ ಈ ನೆಲ ನನ್ನ ಹೆಂಡತಿಯನ್ನ ಕೆಡವಿತು ಕಣಪ್ಪ. ಸೊಂಟದ ಮೂಳೆ ಮುರೀತು. ಅರವತ್ತೇಳು ವರ್ಷದ ಹೆಂಗಸು... ಹೊಲಿಯೋಕೆ ಕೂರೋಣ ಅಂತ ಬಂದಳು, ಅಲ್ಲಿ ಒಂದು ಹೆಜ್ಜೆ ಇಟ್ಟಳು. ಒಂದೇ ಹೆಜ್ಜೆ. ನಾನು ಈ ಬಾಗಿಲಲ್ಲೇ ನಿಂತಿದ್ದೆ. ಡಾಕ್ಟರೂ ಅಂದರು, ವಯಸ್ಸಾದವರಿಗೆ ನುಣುಪು ನೆಲ ಬೇಡ ಅಂತ. ಇನ್ನೇನು ಬೇಕು? ಸುತ್ತಿಗೆ ತೆಗಿ.

ಯಾಕೆ ನಗ್ತೀಯ? ಒಣಗಿದ ಗಾರೆ ಯಾರನ್ನೂ ಕೆಡವಲ್ವಂತೆ! ಒಣಗಿತ್ತು ಅಂತ ಯಾರು ಹೇಳಿದ್ದು ನಿನಗೆ? ನೀರು ಚೆಲ್ಲಿತ್ತು. ಇಸ್ತ್ರಿ ಮಾಡುವಾಗ ಬಟ್ಟೆಗೆ ಚಿಮುಕಿಸ್ತಾಳಲ್ಲ, ಆ ಬಾಟಲಿ, ಅಗೋ ಮೆಷಿನ್ ಪಕ್ಕದಲ್ಲಿ, ಅದು ಉರುಳಿತ್ತು. ಅವಳೇ ಒಪ್ಪಿಕೊಂಡಿದಾಳೆ. 'ಮುಚ್ಚಳ ಸರಿಯಾಗಿ ಹಾಕಿರಲಿಲ್ಲ ಅನಿಸುತ್ತೆ, ನಂದೇ ತಪ್ಪು ಕಣ್ರೀ, ನಿಮಗೆ ಎಷ್ಟು ತೊಂದರೆ ಕೊಟ್ಟೆ...' ಹದಿನೇಳು ದಿನದಿಂದ ನನ್ನ ಕೈ ಹಿಡ್ಕೊಂಡು ಇದನ್ನೇ ಹೇಳ್ತಿದಾಳೆ. ಹದಿನೇಳು ದಿನ! ಇವತ್ತು ಬೆಳಿಗ್ಗೆ ಫೋನಲ್ಲೂ ಅದೇ. 'ನನ್ನ ಕಾಲಿನ ತಪ್ಪಿಗೆ ನೆಲಕ್ಕೆ ಯಾಕೆ ಶಿಕ್ಷೆ? ಮುಟ್ಟಬೇಡಿ ಅದನ್ನ.'

ಹೂಂ, ಉಳಿಸಿ ಅಂತಲೇ ಅಂದಳು. ಅದಕ್ಕೇ ಅವಳು ಬರೋದರೊಳಗೆ ಅಂತ... ನಿನಗೆ ಯಾಕಯ್ಯ ಗಂಡ ಹೆಂಡತಿ ವಿಷಯ?

ಆ ಬಕೆಟ್ ಯಾಕೀಗ? ಒದ್ದೆ ಮಾಡಿ ನೋಡ್ತೀಯಾ? ನನ್ನ ಮಾತಿಗೆ ಪರೀಕ್ಷೆಯೇ? ಮೂವತ್ತಮೂರು ವರ್ಷ ತೂಕ-ಅಳತೆ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಅಂಗಡಿಯವನು ತಕ್ಕಡಿ ತಟ್ಟೆಯ ಕೆಳಗೆ ಒಂದು ಚೂರು ಮೇಣ ಮೆತ್ತಿದ್ದರೂ ಬಿಟ್ಟವನಲ್ಲ. ಅವರು ಕಾಲಿಗೆ ಬೀಳೋರು, ಹೆಂಡತಿ ಮಕ್ಕಳ ಕಥೆ ಹೇಳೋರು. ನಾನು ಒಂದಕ್ಷರ ಮಾತಾಡ್ತಿರಲಿಲ್ಲ. ತಟ್ಟೆ ಮಗುಚಿ ಬೆರಳಾಡಿಸ್ತಿದ್ದೆ, ಅಷ್ಟೇ. ಅಂಥವನು ಹೇಳ್ತಿದೀನಿ, ಈ ನೆಲ ಜಾರುತ್ತೆ!

...ನಿಂತೆಯಲ್ಲ. ನೀರಲ್ಲೇ ಬರಿಗಾಲಲ್ಲಿ ನಿಂತೆ. ತಿರುಗಿದೆ. ಜಾರಲಿಲ್ಲ. ಸರಿ, ನಿನ್ನ ಕಾಲು ಒರಟು, ಗಾರೆ ತುಳಿದ ಕಾಲು. ಅವಳದು ಹಾಗಲ್ಲ... ಅಲ್ಲಿ ಬೇಡ. ಮೇಸ್ತ್ರಿ, ಆ ಮೂಲೆಗೆ ನೀರು ಹಾಕಬೇಡ. ಬೇಡ ಅಂದೆನಲ್ಲಾ!

...

ಏನಾಯ್ತು? ಹನಿ ಹನಿಯಾಗಿ ನಿಂತಿದೆ, ಅಷ್ಟೇ ತಾನೇ. ಬೇರೆ ಕಡೆ ಹರಡಿಕೊಂಡಿತು, ಇಲ್ಲಿ ನಿಂತಿತು. ನೀರು ಅಂದಮೇಲೆ ಒಂದೊಂದು ಕಡೆ ಒಂದೊಂದು ಥರ... ಉಗುರಲ್ಲಿ ಯಾಕೆ ಕೆರೀತೀಯ? ಮೂಸಬೇಡ ಅದನ್ನ.

ಏನಾದರೂ ಅನ್ನಪ್ಪ. ಅಷ್ಟು ಹೊತ್ತು ಒಂದಕ್ಕೆ ಎರಡು ಮಾತಾಡ್ತಿದ್ದೆ, ಈಗ ಏನಾಯ್ತು ನಿನಗೆ? ಸುತ್ತಿಗೆ ಯಾಕೆ ಚೀಲಕ್ಕೆ ಹಾಕ್ತೀಯ? ಬೈಯಿ ಬೇಕಾದರೆ! ಹೀಗೆ ಆ ಕೆರೆದ ಬೆರಳನ್ನ ಎತ್ತಿ ಹಿಡ್ಕೊಂಡು ಸುಮ್ಮನೆ ಕೂರಬೇಡ...

ಮಂಕಾಗಿತ್ತು. ಆ ಜಾಗ ಮಂಕಾಗಿತ್ತು, ಮೇಸ್ತ್ರಿ. ಮೂವತ್ತು ವರ್ಷ ಅಲ್ಲೇ ಕೂತು ಊರವರ ಬಟ್ಟೆ ಹೊಲಿದಳಲ್ಲ, ಕುರ್ಚಿ ಎಳೆದೂ ಎಳೆದೂ, ಹಿಮ್ಮಡಿ ತಿಕ್ಕಿ ತಿಕ್ಕಿ... ಇಡೀ ಕೋಣೆ ಕನ್ನಡಿ, ಅಲ್ಲೊಂದು ಮೊಳದಷ್ಟು ಬೂದು. ದಿನಾ ನನ್ನ ಕಣ್ಣಿಗೆ ಚುಚ್ಚೋದು. 'ಅದು ನನ್ನ ಜಾಗ, ಇರಲಿ ಬಿಡ್ರೀ' ಅನ್ನೋಳು. ಬಿಡೋ ಜಾಯಮಾನವೇ ನಂದು? ಆವತ್ತು ಅವಳು ಸ್ನಾನಕ್ಕೆ ಹೋದ ಹೊತ್ತಲ್ಲಿ ಮೇಣ ಕರಗಿಸಿ, ಟರ್ಪೆಂಟೈನ್ ಬೆರೆಸಿ, ಹಳೇ ಬನಿಯನ್‌ನಲ್ಲಿ ತಿಕ್ಕಿದೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ! ಮಿಕ್ಕ ನೆಲಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ನೋಡಿ ಏನಂತಾಳೋ ಅಂತ ಬಾಗಿಲಲ್ಲಿ ಕಾಯ್ತಾ ನಿಂತಿದ್ದೆ. ಚಿಕ್ಕ ಹುಡುಗನ ಹಾಗೆ... ನಗು ತಡ್ಕೊಂಡು.

ಗೊತ್ತಿಲ್ಲದೆ ಆಯ್ತು ಅನ್ನಬಹುದು. ಅನ್ನಬಹುದಲ್ವಾ?

ಯಾಕೆ ಆ ಬಾಟಲಿ ಕಡೆ ನೋಡ್ತೀಯ?

ನೋಡಬೇಡ ಅದನ್ನ... ನೆಟ್ಟಗೆ ನಿಂತಿತ್ತು. ಮುಚ್ಚಳ ಬಿಗಿಯಾಗಿತ್ತು. ಅವಳು ಬಿದ್ದಳು, 'ಅಮ್ಮಾ' ಅಂದಳು, ಕಣ್ಣು ಮುಚ್ಚಿದಳು. ಮೊದಲು ಅವಳ ತಲೆ ಎತ್ತಲಿಲ್ಲ ನಾನು, ಮೇಸ್ತ್ರಿ. ಮೊದಲು ಮುಚ್ಚಳ ತಿರುಗಿಸಿದೆ. ಬಾಟಲಿ ಉರುಳಿಸಿದೆ. ಆಮೇಲೆ ಅವಳ ಹತ್ತಿರ ಹೋಗಿ, 'ನೀರು ಚೆಲ್ಲಿದ್ದೀಯಲ್ಲೇ' ಅಂದೆ. ಗದರಿಸಿಯೇ ಅಂದೆ.

ಕೇಳಿಸ್ತಾ? ಗೇಟು. ನಾಲ್ಕಕ್ಕೆ ಅಂದಿದ್ದರಲ್ಲಾ... ಕಾರಿನ ಬಾಗಿಲು ಹಾಕಿದರು. ಊರುಗೋಲಿನ ಸದ್ದು ಅದು, ಅವಳದೇ. ಮೊದಲು ಕೇಳೋದೇ 'ನೆಲ ಉಳೀತಾ' ಅಂತ.

ಉಳೀತು. ಒರೆಸಬೇಡಿ, ಆ ಹನಿ ಹಾಗೇ ಇರಲಿ, ಅವಳು ನೋಡಲಿ. ಆ ಕುರ್ಚಿ ಅಡ್ಡ ಇಡಿ, ಅವಳು ಕಾಲಿಡದ ಹಾಗೆ. ಎಲ್ಲಿಗೆ ಏಳ್ತೀರಿ? ಕೂತ್ಕೊಳ್ಳಿ ಮೇಸ್ತ್ರಿ, ದಯವಿಟ್ಟು... ಮಾತಾಡಬೇಕಾಗಿಲ್ಲ, ಈಗ ಕೂತ ಹಾಗೇ ಕೂತಿರಿ. ನೀವು ಎದ್ದು ಹೋದರೆ ನಾನು ಮತ್ತೆ ಬಾಟಲಿಯ ಕಥೆಯನ್ನೇ ಹೇಳಿಬಿಡ್ತೀನಿ.