ಅರ್ಧ ಉಂಡ ಎಲೆ

ನನಗೆ ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ! ಇದನ್ನು ಮೊದಲೇ ಹೇಳಿಬಿಟ್ಟೆ, ಕ್ಷಮಿಸಿ. ಒಳಗೆ ಇಟ್ಟುಕೊಂಡರೆ ಬೇರೆ ಯಾವ ಮಾತೂ ಹೊರಗೆ ಬರುವುದಿಲ್ಲ.

ಸಭೆಯ ಅಧ್ಯಕ್ಷರಾದ ಓಂಕಾರಪ್ಪನವರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಊರುಗಳಿಂದ ಬಂದಿರುವ ‘ಕಡೇ ಪಂಕ್ತಿ ಬಳಗ’ದ ಗೆಳೆಯರೇ, ಹೊನ್ನಾಳಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹೊಸ ಮನೆಯವರೇ, ಮತ್ತು ಮಧ್ಯಾಹ್ನದ ಊಟ ಬಿಟ್ಟು ಭಾಷಣ ಕೇಳಲು ಬಂದಿರುವ ಸಹನಶೀಲ ಸಭಿಕರೇ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ಭಾಷಣ ಬರೆಯಲು ಮೂರು ದಿನ ತೆಗೆದುಕೊಂಡೆ. ಬರೆದ ಹಾಳೆ ಇಲ್ಲಿದೆ. ಅದರಲ್ಲಿ ಎಲ್ಲರಿಗೂ ಧನ್ಯವಾದ ಇದೆ, ನನ್ನ ಗಂಡ ಸುದೀಪ್ ಎಷ್ಟು ಒಳ್ಳೆಯವರು ಅಂತ ಒಂದು ಪ್ಯಾರಾ ಇದೆ. ನಿಜವಾಗಿಯೂ ಒಳ್ಳೆಯವರು! ಬೆಳಿಗ್ಗೆ ಟೀ ಅವರೇ ಮಾಡುತ್ತಾರೆ. ಆದರೆ ಆ ಹಾಳೆಯನ್ನು ಓದಲು ನನ್ನಿಂದ ಆಗುತ್ತಿಲ್ಲ. ಯಾಕೆಂದರೆ ಈಗತಾನೆ ನಮ್ಮಿಬ್ಬರಿಗೂ ಶಾಲು ಹೊದಿಸಿ, ಈ ಫಲಕ ಕೊಟ್ಟಿರಿ. ಇದರ ಮೇಲೆ ‘ಮದುವೆಯ ದಿನ ನಾಲ್ಕು ನೂರು ಜನರ ಊಟ ನೀಡಿದ ನವದಂಪತಿಗಳಿಗೆ’ ಅಂತ ಬರೆದಿದೆ.

ಆ ನಾಲ್ಕು ನೂರರಲ್ಲಿ ಒಬ್ಬರಾದರೂ ಉಂಡರೇ? ಒಬ್ಬರೂ ಉಣ್ಣಲಿಲ್ಲ.

ಇದನ್ನು ಹೇಳಬೇಕಾದರೆ ದುರುಗಕ್ಕನ ವಿಷಯ ಹೇಳಬೇಕು. ಬಳಗದವರಿಗೆ ಅವರು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಹನ್ನೊಂದು ವರ್ಷದ ಹಿಂದೆ ಗಂಡ ಹೆಂಡತಿ ಭತ್ತದ ಕೊಯ್ಲಿಗೆಂದು ತ್ಯಾವಣಿಗೆ ಕಡೆ ಬಂದಿದ್ದರು. ಹುಲ್ಲಿನ ಲೋಡಿನ ಮೇಲಿಂದ ಬಿದ್ದು ಗಂಡನ ಕಾಲು ಮುರಿಯಿತು, ಚನ್ನಗಿರಿ ಆಸ್ಪತ್ರೆ ಸೇರಿದರು. ಒಂದು ದಿನ ಯಾರೋ ಪುಣ್ಯಾತ್ಮರು ಮದುವೆಯಲ್ಲಿ ಮಿಕ್ಕ ಪಲಾವನ್ನು ಗೇಟಿನ ಹತ್ತಿರ ಹಂಚಿ ಹೋದರು. ದುರುಗಕ್ಕ ಗಂಡನಿಗೆ ಕೈಯಾರೆ ಉಣ್ಣಿಸಿದರು. ಮುಂದಿನದನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: “ಕಾಲು ಕೂಡ್ಕೊಂಡಿತ್ತು ಕಣವ್ವ, ಹೊಟ್ಟೆ ತಗೊಂಡೋತು.”

ಆ ಹಳಸಿದ ಪಲಾವಿನಿಂದ ಗಂಡ ತೀರಿಕೊಂಡ ಮೇಲೆ ಅವರು ಊರಿಗೆ ಹೋಗಲಿಲ್ಲ. ಮದುವೆಗಳಲ್ಲಿ ಮಿಕ್ಕ ಊಟ ಹಂಚುವ ನಮ್ಮ ಬಳಗ ಶುರುವಾದಾಗ, ಡ್ರೈವರ್ ನಿಂಗರಾಜಣ್ಣ ಮೊದಲನೇ ದಿನ ಗಾಡಿಯಲ್ಲಿ ಪಾತ್ರೆ ತಂದು ಅದೇ ಗೇಟಿನ ಮುಂದೆ ನಿಲ್ಲಿಸಿದರು. ಅಲ್ಲಿ ಹೂ ಮಾರುತ್ತಿದ್ದ ದುರುಗಕ್ಕ ಎದ್ದು ಬಂದು ಅಡ್ಡ ನಿಂತರು.

“ಏನಪ್ಪಾ, ಇದನ್ನ ನೀನು ಉಂಡೀಯೇನು?”

“ಇಲ್ಲಕ್ಕ, ಇದು ಇವರಿಗೆ ತಂದಿದ್ದು.”

“ನೀನು ಉಣ್ಣದ್ದು ಇವರು ಯಾಕೆ ಉಣ್ಣಬೇಕು?”

ನಮ್ಮ ಬಳಗದ ನಿಯಮ ಹುಟ್ಟಿದ್ದು ಹೀಗೆ. ನಮ್ಮವರೊಬ್ಬರು ಎಲೆ ಹಾಕಿಕೊಂಡು ಕೂತು, ಎಲ್ಲ ಪದಾರ್ಥವನ್ನೂ ಹೊಟ್ಟೆ ತುಂಬ ಉಣ್ಣಬೇಕು. ಆಮೇಲೆ ಒಂದು ಗಂಟೆ ಕಾಯಬೇಕು. ಅವರು ‘ಹೂಂ’ ಅಂದರೆ ಮಾತ್ರ ಗಾಡಿ ಹೊರಡಬೇಕು. ಹತ್ತು ವರ್ಷ ಆ ‘ಹೂಂ’ ದುರುಗಕ್ಕನದು. ನಾನು ಕಾಲೇಜಿನ ಪ್ರಾಜೆಕ್ಟಿಗೆಂದು ಬಳಗಕ್ಕೆ ಬಂದವಳು, ಒಂದು ಚಮಚದಲ್ಲಿ ರುಚಿ ನೋಡಿದರೆ ಸಾಲದೇ ಎಂದು ಕೇಳಿದ್ದೆ. ಅವರು ನಕ್ಕರು. “ಚಮಚದಾಗೆ ನೆಕ್ಕಿದ್ರೆ ನಾಲಿಗೆಗೆ ಗೊತ್ತಾಗ್ತೈತೆ, ಹೊಟ್ಟೆಗೆ ಹೆಂಗೆ ಗೊತ್ತಾಗಬೇಕು? ಇಂಗ್ಲಿಷ್‌ನಾಗೆ ಇದನ್ನ ಹೇಳ್ಕೊಡಲಿಲ್ಲೇನು ನಿಂಗೆ?” ಅನ್ನವನ್ನು ಬೆರಳಲ್ಲಿ ಒತ್ತಿ ನೋಡುವುದನ್ನು, ಅಂಟಿ ನೂಲೆಳೆದರೆ ಚೆಲ್ಲುವುದನ್ನು ಅವರೇ ಕಲಿಸಿದರು. ನಾನು ಬರುತ್ತಿದ್ದಂತೆ “ಬಂದ್ಲಪ್ಪಾ ಮೇಡಮ್ಮು” ಅನ್ನುತ್ತಿದ್ದರು. ನನ್ನ ಮದುವೆ ಗೊತ್ತಾದ ದಿನ ನನಗಿಂತ ಜಾಸ್ತಿ ಕುಣಿದವರು ಅವರೇ.

ಯಾವ ಮದುವೆಯಲ್ಲೂ ಅವರು ಹಿಂದೆ ಒಲೆಗಳ ಹತ್ತಿರ ಕೂತು ಉಣ್ಣುತ್ತಿದ್ದರು. ಜನ ಉಣ್ಣುತ್ತಿರುವಾಗಲೇ ಉಂಡರೆ, ಕಡೇ ಪಂಕ್ತಿ ಏಳುವ ಹೊತ್ತಿಗೆ ಆ ಒಂದು ಗಂಟೆ ಮುಗಿಯುತ್ತದೆ, ಊಟ ಬಿಸಿ ಇರುವಾಗಲೇ ಗಾಡಿ ಹೊರಡುತ್ತದೆ. ನನ್ನ ಮದುವೆಯಲ್ಲಿ ನಾನೇ ಹಟ ಹಿಡಿದೆ. “ಇವತ್ತು ಹಿಂದೆ ಕೂರಬೇಡಿ ದುರುಗಕ್ಕ. ಒಳಗೆ ಪಂಕ್ತಿಯಲ್ಲಿ ಕೂರಬೇಕು, ನನ್ನಾಣೆ” ಅಂದೆ. ಅವರು ಬೇಡವೆಂದರು. “ನಂಗೆ ಒಲೆ ಹತ್ರಾನೇ ಸರಿ ಕಣವ್ವ, ಅಲ್ಲಿ ಯಾರೂ ನೋಡಾಕಿಲ್ಲ.” ನಾನು ಬಿಡಲಿಲ್ಲ. ನಾನು ಕೊಡಿಸಿದ ಹಸಿರು ಸೀರೆ ಉಟ್ಟು, ಎರಡನೇ ಪಂಕ್ತಿಯ ತುದಿಯಲ್ಲಿ ಕೂತರು.

ಕೋಸಂಬರಿ, ಪಲ್ಯ, ಹೋಳಿಗೆ ಆಗಿ ಅನ್ನ ಬಡಿಸುತ್ತಿದ್ದರು. ಆಗ ನಮ್ಮ ದೊಡ್ಡವರೊಬ್ಬರು ಅಲ್ಲಿ ಬಂದರು. ಯಾರೆಂದು ಹೇಳುವುದಿಲ್ಲ. ಮದುವೆಯ ಗಡಿಬಿಡಿ, ಎಲೆ ಸಾಲದ ಚಿಂತೆ, ಅವರದೂ ತಪ್ಪಲ್ಲ... ಅಲ್ಲ, ತಪ್ಪೇ. ಅತ್ತೆಯವರೇ, ನೀವು ತಲೆ ತಗ್ಗಿಸಬೇಡಿ, ನಾನು ಹೇಳುತ್ತಿರುವುದು ನನ್ನ ತಪ್ಪು. “ಯಾರೇ ನೀನು? ಯಾರು ಕರೆದಿದ್ದು?” ಎಂದು ಅವರು ಕೇಳಿದರು. ದುರುಗಕ್ಕ ನನ್ನ ಕಡೆ ನೋಡಿದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಸುತ್ತ ಸುದೀಪರ ಸಂಬಂಧಿಕರು, ಎದುರಿಗೆ ಕ್ಯಾಮೆರಾ. “ಉಷಾ, ಇವಳು ನಿಮ್ಮ ಕಡೆಯೋಳೇನೇ?” ಎಂದು ಆ ದೊಡ್ಡವರು ಕೂಗಿದರು.

ಸಭಿಕರೇ, ಏನು ಉತ್ತರ ಕೊಡಬೇಕಿತ್ತು? ‘ಹೌದು’. ಎರಡೇ ಅಕ್ಷರ. ಕನ್ನಡ ಬಾರದವರಿಗೂ ಬರುವ ಮಾತು.

“ಗೊತ್ತಿಲ್ಲ” ಅಂದೆ. ಕ್ಯಾಮೆರಾದವರು “ಮೇಡಂ, ಸ್ಮೈಲ್” ಅಂದರು. ನಕ್ಕೆ. ಆ ಫೋಟೋ ಆಲ್ಬಮ್ಮಿನಲ್ಲಿದೆ, ತುಂಬಾ ಚೆನ್ನಾಗಿ ಬಂದಿದೆ.

“ಏಳು, ಏಳು, ಮನೆಯೋರ ಊಟ ಆಗಿಲ್ಲ ಇನ್ನೂ” ಎಂದು ಅವರನ್ನು ಎಲೆಯಿಂದ ಎಬ್ಬಿಸಿದರು. ನಮ್ಮ ಕಡೆ ಶತ್ರುವನ್ನೂ ಉಣ್ಣುವ ಎಲೆಯಿಂದ ಎಬ್ಬಿಸುವುದಿಲ್ಲ. ದುರುಗಕ್ಕ ಅರ್ಧ ಉಂಡ ಎಲೆಯನ್ನು ತಾವೇ ಮಡಚಿ, ತಾವೇ ಎತ್ತಿಕೊಂಡು ಹೋದರು.

ಹಿಂದೆ ನಿಂಗರಾಜಣ್ಣ ಗಾಡಿಯ ಹತ್ತಿರ ಕಾಯುತ್ತಿದ್ದರು. “ಉಂಡೇನಕ್ಕಾ?” ಎಂದರು.

“ಅರ್ಧ ಉಂಡೆ.”

“ಹೆಂಗೈತೆ ಊಟ?”

“ಅರ್ಧ ಉಂಡೋಳು ಹೆಂಗೆ ಹೇಳಬೇಕಪ್ಪಾ? ಪೂರ್ತಿ ಉಣ್ಣದೆ ನಾನು ಹೂಂ ಅನ್ನಾಕಿಲ್ಲ.” ಅಷ್ಟು ಹೇಳಿ ಬಸ್‌ಸ್ಟ್ಯಾಂಡ್ ಕಡೆ ನಡೆದರು.

ಅವರು ತಿರುಗಿ ಬರಬಹುದೆಂದು ಕಡೇ ಪಂಕ್ತಿ ಏಳುವವರೆಗೂ ದಾರಿ ನೋಡಿ, ಆಮೇಲೆ ನಿಂಗರಾಜಣ್ಣ ತಾವೇ ಎಲೆ ಹಾಕಿಕೊಂಡು ಕೂತರು, ಉಂಡರು, ಮತ್ತೆ ಒಂದು ಗಂಟೆ ಕಾದರು. ಏಪ್ರಿಲ್ ಬಿಸಿಲು, ಮುಚ್ಚಿದ ಪಾತ್ರೆ. ಆ ಹೊತ್ತಿಗೆ ಸಾಂಬಾರು ನೊರೆ ಬಂದಿತ್ತು, ಅನ್ನ ನೂಲೆಳೆಯುತ್ತಿತ್ತು. ಅಷ್ಟನ್ನೂ ಗುಂಡಿ ತೋಡಿ ಮುಚ್ಚಿದರು. ಆಸ್ಪತ್ರೆಯ ಗೇಟಿನಲ್ಲಿ ಜನ ಟಿಫಿನ್ ಬಾಕ್ಸ್ ಹಿಡಿದು ಸಂಜೆಯವರೆಗೂ ನಿಂತಿದ್ದರು. ಅವತ್ತು ಹೋಳಿಗೆ ಊಟ ಎಂದು ಹಿಂದಿನ ದಿನವೇ ಅವರಿಗೆ ಹೇಳಿ ಬಂದವಳು ನಾನೇ.

ಇದೆಲ್ಲ ನನಗೆ ತಿಳಿದದ್ದು ಒಂಬತ್ತು ದಿನದ ಮೇಲೆ. ಜನ ಉಣ್ಣುತ್ತಿರುವ ಫೋಟೋ ಕಳಿಸಿ, ಎಲ್ಲರಿಗೂ ತೋರಿಸಬೇಕು ಎಂದು ಖುಷಿಯಲ್ಲಿ ಫೋನ್ ಮಾಡಿದ್ದೆ. ನಿಂಗರಾಜಣ್ಣ “ಫೋಟೋ ಇಲ್ಲಮ್ಮ” ಅಂದರು. ಓಂಕಾರಪ್ಪನವರಿಗೆ ಅವರು ಯಾಕೆ ತಿಳಿಸಲಿಲ್ಲ? ಹೊಸದಾಗಿ ಮದುವೆಯಾದ ಹುಡುಗಿ, ನೊಂದುಕೊಳ್ಳುತ್ತಾಳೆ ಅಂತ. ನನ್ನ ಮನಸ್ಸಿಗೆ ಎಷ್ಟು ಜನ ಕಾವಲು ನೋಡಿ! ದುರುಗಕ್ಕನ ಮನಸ್ಸಿಗೆ ನಾನೊಬ್ಬಳು ಇರಬೇಕಿತ್ತು.

ಅವರು ತುಮಕೂರಿನಲ್ಲಿ ಮಗಳ ಮನೆಗೆ ಹೋಗಿದ್ದಾರೆ. ದಿನಾ ಫೋನ್ ಮಾಡಿದೆ. ಮಗಳೇ ತೆಗೆದು “ಮಲಗೈತೆ” ಅನ್ನುತ್ತಿದ್ದಳು. ಮೊನ್ನೆ ಅವರೇ ತೆಗೆದರು. ನಾನು ಅಳಲು ಶುರು ಮಾಡಿದೆ. “ಅಳಬ್ಯಾಡವ್ವ, ಮದುವೆ ಆದ ಹೊಸದು. ಗಂಡ ಚೆನ್ನಾಗಿ ನೋಡ್ಕೊಂತಾನೇನು?” ಅಂದರು. ಟೀ ವಿಷಯ ಹೇಳಿದೆ. ಸ್ವಲ್ಪ ನಕ್ಕರು. ಚನ್ನಗಿರಿಗೆ ಬರುತ್ತೇನೆ, ಬಾಡಿಗೆ ಕೋಣೆಯಲ್ಲಿರುವ ಟ್ರಂಕ್ ತೆಗೆದುಕೊಂಡು ಹೋಗಬೇಕು ಅಂದರು. ಅಂದರೆ ಮತ್ತೆ ಇಲ್ಲಿ ಇರುವುದಿಲ್ಲ. “ನನ್ನ ಮನೇಲಿ ಒಂದು ಊಟ ಮಾಡ್ತೀರಾ? ಪೂರ್ತಿ ಊಟ?” ಎಂದು ಕೇಳಿದೆ. “ನೋಡಾನ” ಅಂದರು.

ನನ್ನ ಬಳಿ ಇರುವುದು ಆ ಒಂದು ‘ನೋಡಾನ’ ಮಾತ್ರ.

ಓಂಕಾರಪ್ಪ ಸರ್, ಶಾಲನ್ನೂ ಫಲಕವನ್ನೂ ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಸುದೀಪ್, ಹೊನ್ನಾಳಿ ಮನೆಯ ಹಾಲ್‌ನಲ್ಲಿ, ಎಲ್ಲರೂ ಕೂರುವ ಜಾಗದಲ್ಲೇ ಅವರಿಗೆ ಎಲೆ ಹಾಕುತ್ತೇನೆ. ಬಡಿಸುವವಳು ನಾನೇ. ಅತ್ತೆಯವರೇ, ನೀವು ಪಕ್ಕದಲ್ಲಿ ಕೂರುತ್ತೀರಾ ಎಂದು ಇಷ್ಟು ಜನರ ಮುಂದೆ ಕೇಳುತ್ತಿರುವುದಕ್ಕೆ ಮನೆಗೆ ಹೋದಮೇಲೆ ಬೈಯಿರಿ.

ಬಳಗದವರಲ್ಲಿ ಒಂದೇ ವಿನಂತಿ. ಹಾರ, ಬ್ಯಾನರ್ ಏನೂ ಬೇಡ, ಯಾರೂ ಬರಬೇಡಿ. ಅವರು ರೈಲಿನಿಂದ ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ “ಇವರು ನಿಮ್ಮ ಕಡೆಯೋರಾ?” ಎಂದು ಕೇಳಿದರೆ, ಉತ್ತರ ಕೊಡಲು ನಾನೊಬ್ಬಳು ಅಲ್ಲಿದ್ದರೆ ಸಾಕು. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಋಣಿ, ನಮಸ್ಕಾರ. ಬರುವ ಗುರುವಾರ, ಸಂಜೆಯ ಇಂಟರ್‌ಸಿಟಿ, ದಾವಣಗೆರೆ ಸ್ಟೇಷನ್.