ಖಣ್ಯಾಗಿನ ನೀರು ಇಳಿದ ರಾತ್ರಿ

ಇದು ನಮ್ಮ ದೊಡ್ಡಪ್ಪನ ಮಗ ಸಿದ್ದೇಶ್ವರಗ ಆಗಿದ್ದು. ಇಷ್ಟ ದಿನಾ ಯಾರ ಮುಂದೂ ಹೇಳಿಲ್ಲ…

ರಾತ್ರಿ ಭಾಳ ಆಗಿತ್ತು. ಡಿಸೇಲ್ ಕ್ಯಾನ್ ಹೊತ್ಕೊಂಡು ಸಿದ್ದೇಶ್ವರ ನಾಗಣಸೂರದ ಹಳೀ ಬಾವಿ ದಾಟಿ ಸುಣ್ಣದ ಕಲ್ಲಿನ ಖಣಿಗೆ ಹೊಂಟಿದ್ದ. ಬಾವಿ ಕಟ್ಟಿಮ್ಯಾಲ ಅವರವ್ವ ಲಕ್ಷ್ಮೀಬಾಯಿ ಒಬ್ಬಾಕೀನ ಕುಂತಿದ್ಲು.

"ಅವ್ವಾ, ಮನೀಗೆ ನಡಿ."

"ಖಣ್ಯಾಗಿನ ನೀರ ಎಷ್ಟ ಇಳದಾವ?"

"ಇಳ್ಯಾಕತ್ತಾವ."

"ಸುಳ್ಳ ಹೇಳಬ್ಯಾಡ್ಲೇ…"

ಸುಳ್ಳೇ ಇತ್ತು.

ಮ್ಯಾಲಿನ ಹೊಲದ ಮಳಿನೀರು ಹೊರಗಿಂದ ಹೊರಗ ನಾಲಾಕ್ಕ ಹೋಗ್ಲಿ ಅಂತ ಖಣಿ ಸುತ್ತ ಕಾಲುವಿಹಂಗ ಚರಿ ಹೊಡದಿದ್ರು. ಅದರಾಗ ಹೂಳು ತುಂಬಿತ್ತು, ಯಾರೂ ತಗಸಲಿಲ್ಲ. ದೊಡ್ಡ ಮಳಿ ಬಂದ ದಿನ ಅಷ್ಟೂ ನೀರು ಖಣ್ಯಾಗ ನುಗ್ಗಿದ್ವು. ಸಿದ್ದೇಶ್ವರನ ತಮ್ಮ ಗುರುಸಿದ್ಧ ಅಲ್ಲೇ ಪಂಪ್ ನಡಸ್ತಿದ್ದ. ಪಂಪ್ ಮುಳಗತದ ಅಂತ ಕೆಳಗ ಇಳದಾ… ಮ್ಯಾಲಿಂದ ಮಣ್ಣು ಕುಸೀತು. ಮಂದಿ ಮುಳುಗಿ ಹುಡುಕಿದ್ರೂ ಹೆಣಾ ಸಿಗಲಿಲ್ಲ. ಅದಕ್ಕ ಬ್ಯಾರೆ ಪಂಪ್ ಹಚ್ಚಿ ನೀರು ಹೊರಗ ಹಾಕಾಕತ್ತಿದ್ರು.

ಲಕ್ಷ್ಮೀಬಾಯಿಗೆ ಒಂದೇ ಹಟ. ಮಗನ್ನ ನಮ್ಮ ಲಿಂಗಾಯತರ ರೀತಿಲೆ ಚಕ್ಕಳಮಕ್ಕಳ ಕುಂದರಿಸಿ, ಎಡಗೈಯಾಗ ಲಿಂಗಾ ಇಟ್ಟು ಮಣ್ಣ ಮಾಡಬೇಕು. ಸೂಪರ್‌ವೈಜರ್ ಮಾತ್ರ ಹೇಳಿಬಿಟ್ಟಿದ್ದ, "ಮುಂಜಾನಿತನಾ ಅಷ್ಟ. ಆಮ್ಯಾಗ ಪಂಪ್ ಬ್ಯಾರೆ ಖಣಿಗೆ ಹೋಗ್ತದ."

ಇಂಜಿನ್ ಹತ್ರ ಹಣಮಂತಪ್ಪ ಕಾಕಾ ಕಂಬಳಿ ಹೊದ್ದು ಕುಂತಿದ್ದ. ಅಂವಾ ಗುರುಸಿದ್ಧನ ಜೋಡಿ ಕೆಲಸ ಮಾಡಾಂವ. "ಬಾರಪಾ ಧಣಿ… ಡಿಸೇಲ್ ತರಾಕ ಸೋಲಾಪುರತನಾ ನಡಕೋತ ಹೋಗಿದ್ದೇನು?" ಅಂದಾ. ಸ್ವಲ್ಪ ಹೊತ್ತಿಗೆ ಗೊರಕಿ ಹೊಡದಾ.

ಢಗ್… ಢಗ್… ಢಗ್… ಪಂಪ್ ನಡದಿತ್ತು. ಒಮ್ಮಿಂದೊಮ್ಮೆ ಪೈಪ್ ಸೊರ್… ಸೊರ್… ಅಂತು. ನೀರ್ ನಿಂತ್ವು. ಕೆಳಗ ಪೈಪಿನ ಬಾಯಿಗೆ ಕಸಾ ಸಿಕ್ಕಿತ್ತು. ಕತ್ತಲ್ಯಾಗ ಇಳ್ಯೋ ಧೈರ್ಯ ಸಿದ್ದೇಶ್ವರಗ ಇದ್ದಿದ್ದಿಲ್ಲ. ಈಜಾಕೂ ಬರ್ತಿದ್ದಿಲ್ಲ.

ಕೆಳಗಿಂದ ಯಾರೋ ಪಿಸುಗುಟ್ಟಿದ್ರು.

"ಹಗ್ಗಾ… ಜಗ್ಗು."

ಕಾಕಾನೇ ಇಳದಾನ ಅಂತ ತಿಳದು, ಪೈಪಿಗೆ ಕಟ್ಟಿದ್ದ ಹಗ್ಗ ಜಗ್ಗಿದಾ. ನೀರಾಗ ಚಳ್… ಚಳ್… ಯಾರೋ ಕಸಾ ಕಿತ್ತಂಗ.

"ಹೂಂ… ಬಿಡು."

ಬಿಟ್ಟಾ. ಧೋ ಅಂತ ನೀರ್ ಬಿದ್ವು.

"ಹುಷಾರ್ರಿ ಕಾಕಾ, ಜಾರತದ…" ಅಂತ ಹಿಂದ ತಿರಗಿದ್ರ, ಕಾಕಾ ಕಂಬಳ್ಯಾಗೇ ಗೊರಕಿ ಹೊಡ್ಯಾಕತ್ತಾನ.

ಸಿದ್ದೇಶ್ವರ ಓಡಲಿಲ್ಲ. ದಂಡಿಗೆ ಬಂದು ಕೆಳಗ ಬಗ್ಗಿದಾ.

"ಗುರ್ಯಾ…?"

ಹಗ್ಗ ಮತ್ತ ಕೈಗೆ ಸುತ್ಕೊಂಡು ಕೇಳಿದಾ,

"ಥಂಡಿ ಅದ ಏನೋ ಅಲ್ಲಿ?"

"ದಾದಾ… ಪಂಪ್ ಬಂದ್ ಮಾಡಬ್ಯಾಡ."

"ಇಲ್ಲೋ. ಮಾಡಂಗಿಲ್ಲ."

"ನಿದ್ದಿ ಹತ್ತೀತ ನೋಡ್… ನಿಂದೇನ್ ಭರೋಸಾ ಇಲ್ಲ."

ಜೀವಂತ ಇದ್ದಾಗೂ ಹಿಂಗೇ ಕಾಡ್ತಿದ್ದ ಅಂವಾ. ಸಿದ್ದೇಶ್ವರ ನಕ್ಕನೋ ಅತ್ತನೋ, ಅವಗೇ ಗೊತ್ತಿಲ್ಲ. ಆ ರಾತ್ರಿ ಪೈಪ್ ಎಷ್ಟ ಸಲ ಕಟ್ಟಿತೋ ಅಷ್ಟ ಸಲ ಕೆಳಗಿಂದ ಪಿಸುಮಾತು ಬಂತು. ಜಗ್ಗು… ಬಿಡು. ಜಗ್ಗಿ ಜಗ್ಗಿ ಕೈ ಸುಲದು ರಕ್ತಾ ಬಂತು.

ಬೆಳಕ ಹರಿಯೂಮುಂದ ಕೇಳಿದಾ, "ಗುರ್ಯಾ, ಅವ್ವಗ ಏನರ ಹೇಳ್ಲೇನು?"



ಮುಂಜಾನೆ ನೀರು ತಳಾ ಮುಟ್ಟಿದ್ವು. ಮಂದಿ ಕೆಳಗ ಇಳದ್ರು. ಲಕ್ಷ್ಮೀಬಾಯಿ ಎಲ್ಲಾರಕಿಂತ ಮುಂದ.

ಗುರುಸಿದ್ಧ ಎದಿತನಾ ರಾಡ್ಯಾಗ ಇದ್ದ, ಬೆನ್ನು ಕಲ್ಲಿಗೆ ಹತ್ತಿತ್ತು. ರಾಡಿ ಸರಸಿ ನೋಡಿದ್ರ… ಚಕ್ಕಳಮಕ್ಕಳ ಹಾಕಿ ಕುಂತಿದ್ದ. ಅವ್ವ ಕೈಯಾಗ ಲಿಂಗಾ ಇಡಾಕ ಹೋದ್ಲು. ಎಡಗೈ ಮೊದಲೇ ಮ್ಯಾಲ ಮಾಡಿ, ಬೆರಳು ಬಿಚ್ಚಿ ಹಿಡದಿದ್ದ.

ಯಾರೂ ಹಂಗ ಕುಂದರಿಸಿದ್ದಿಲ್ಲ ರೀ. ಖಣಿ ದಂಡಿಮ್ಯಾಲಿಂದ ನಾನೂ ನೋಡೀನಿ.